ಮಲೆನಾಡಿನಲ್ಲಿ ಕ್ಯಾಂಪರ್ ವ್ಯಾನ್‌ಗೆ ಡಿಶ್ ಕಟ್ಟುವುದು: ಮೊದಲು ಆಕಾಶ ನೋಡಿ, ಆಮೇಲೆ ಗಾಡಿ ನಿಲ್ಲಿಸಿ

ನಮ್ಮ ಅಪ್ಪನಿಗೆ ಸಂಜೆ ಚಂದನದ ವಾರ್ತೆ ನೋಡದಿದ್ದರೆ ಊಟ ಸೇರುವುದಿಲ್ಲ. ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ಮಲಗುವ, ಅಡುಗೆ ಮಾಡುವ ಗಾಡಿಯನ್ನಾಗಿ ಮಾಡಿಕೊಂಡ ಮೇಲೆ ಅವರನ್ನೂ ಕರೆದುಕೊಂಡು ಹೊರಡುವುದು ನಮಗೆ ರೂಢಿಯಾಯಿತು. ಶಿವಮೊಗ್ಗ ದಾಟಿ ತೀರ್ಥಹಳ್ಳಿ, ಹೊಸನಗರ, ಸಾಗರದ ಒಳಗಿನ ರಸ್ತೆಗಳಿಗೆ ಇಳಿದರೆ ಮೊಬೈಲ್‌ನ ಕಡ್ಡಿಗಳು ಒಂದೊಂದಾಗಿ ಮಾಯವಾಗುತ್ತವೆ. ಎಷ್ಟೋ ಕಣಿವೆಗಳಲ್ಲಿ ಮೆಸೇಜು ಹೋಗುವುದೇ ಕಷ್ಟ, ವಿಡಿಯೊ ಮಾತಂತೂ ದೂರ. ಆದರೆ ಉಪಗ್ರಹಕ್ಕೆ ಕಣಿವೆಯ ಗೊಡವೆ ಇಲ್ಲ. ತಲೆಯ ಮೇಲಿನ ಆಕಾಶದಲ್ಲಿ ಒಂದು ತುಂಡು ತೆರೆದಿದ್ದರೆ ಸಾಕು, ಟಿವಿ ಬರುತ್ತದೆ.

ಆ ತುಂಡು ಯಾವುದು, ಅದನ್ನು ಹುಡುಕುವುದು ಹೇಗೆ ಎಂಬುದೇ ಮಲೆನಾಡಿನಲ್ಲಿ ಈ ಕೆಲಸದ ಮುಕ್ಕಾಲು ಪಾಲು. ಬಯಲುಸೀಮೆಯಲ್ಲಿ ಗಾಡಿ ಎಲ್ಲಿ ನಿಲ್ಲಿಸಿದರೂ ನಡೆಯುತ್ತದೆ. ಇಲ್ಲಿ ನೆರಳು ಚೆನ್ನಾಗಿದೆ ಎಂದು ಮರದಡಿ ನಿಲ್ಲಿಸಿ, ಆಮೇಲೆ ಡಿಶ್ ತೆಗೆದರೆ ರಾತ್ರಿಯವರೆಗೂ ತಿರುಗಿಸುತ್ತಲೇ ಇರಬೇಕಾಗುತ್ತದೆ.

ಯಾವ ಉಪಗ್ರಹ, ಎತ್ತ ಕಡೆ

ಪ್ರವಾಸಕ್ಕೆ ನಾನು ಆರಿಸಿಕೊಂಡಿರುವುದು ದೂರದರ್ಶನದ ಡಿಡಿ ಫ್ರೀ ಡಿಶ್. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದ ಸೇವೆ ಇದು. ತಿಂಗಳ ಬಾಡಿಗೆ ಇಲ್ಲ. ವರ್ಷಕ್ಕೆ ಹತ್ತು ಹದಿನೈದು ದಿನ ಮಾತ್ರ ಬಳಸುವ ಪೆಟ್ಟಿಗೆಗೆ ರೀಚಾರ್ಜ್ ಮಾಡುತ್ತಾ ಕೂರುವುದು ನನಗೆ ಸರಿ ಕಾಣಲಿಲ್ಲ. ಇದರಲ್ಲಿ ಕನ್ನಡದ ಚಾನೆಲ್‌ಗಳು ಕಡಿಮೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಧಾರಾವಾಹಿ ಬಿಡಲಾಗದವರು ಮನೆಯ ಖಾಸಗಿ ಡಿಟಿಎಚ್ ಪೆಟ್ಟಿಗೆಯನ್ನೇ ಒಯ್ಯಬಹುದು. ಬೇರೆ ಜಾಗದಲ್ಲಿ ಬಳಸುವ ಬಗ್ಗೆ ಕಂಪನಿಯ ನಿಬಂಧನೆ ಏನೆಂದು ಮಾತ್ರ ಮೊದಲೇ ಕೇಳಿಕೊಳ್ಳಿ.

ಫ್ರೀ ಡಿಶ್ ಬರುವುದು ಜಿಸ್ಯಾಟ್-15ರಿಂದ. 2015ರ ನವೆಂಬರ್‌ನಲ್ಲಿ ಫ್ರೆಂಚ್ ಗಯಾನಾದ ಕೌರುವಿನಿಂದ ಏರಿಯಾನ್-5 ರಾಕೆಟ್ ಹೊತ್ತೊಯ್ದ ಇಸ್ರೊ ಉಪಗ್ರಹ ಅದು. ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ ನಿಂತಿದೆ. ಭೂಮಿ ತಿರುಗಿದಷ್ಟೇ ವೇಗದಲ್ಲಿ ಅದೂ ಸುತ್ತುವುದರಿಂದ ನಮ್ಮ ಕಣ್ಣಿಗೆ ಅಲ್ಲಾಡುವುದೇ ಇಲ್ಲ.

ಶಿವಮೊಗ್ಗದಿಂದ ನೋಡಿದರೆ ಅದು ಆಗ್ನೇಯದಲ್ಲಿದೆ. ಉತ್ತರದಿಂದ ಬಲಕ್ಕೆ ಎಣಿಸಿದರೆ ಸುಮಾರು 126 ಡಿಗ್ರಿ, ದಿಗಂತದಿಂದ ಮೇಲಕ್ಕೆ ಸುಮಾರು 63 ಡಿಗ್ರಿ. ಜೋಗಕ್ಕೆ ಹೋದರೂ ಆಗುಂಬೆಗೆ ಹೋದರೂ ಎತ್ತರದ ಕೋನ ಒಂದು ಡಿಗ್ರಿಯ ಒಳಗೇ ಉಳಿಯುತ್ತದೆ, ದಿಕ್ಕು ಹೆಚ್ಚೆಂದರೆ ಎರಡು ಡಿಗ್ರಿ ಸರಿಯುತ್ತದೆ. ಹಾಗಾಗಿ ಇವೆರಡು ಸಂಖ್ಯೆಗಳನ್ನು ಟ್ರೈಪಾಡ್‌ನ ಕಾಲಿನ ಮೇಲೆ ಬಣ್ಣದಲ್ಲಿ ಬರೆದಿಟ್ಟುಕೊಳ್ಳಿ.

ಟಾಟಾ ಪ್ಲೇ ಬಳಸುವವರಿಗೆ ಉಪಗ್ರಹ 83 ಡಿಗ್ರಿಯಲ್ಲಿದೆ. ಇಲ್ಲಿಂದ ದಿಕ್ಕು ಸುಮಾರು 151, ಎತ್ತರ 71. ಏರ್‌ಟೆಲ್‌ನದು 108.2 ಡಿಗ್ರಿಯಲ್ಲಿದ್ದು, ದಿಕ್ಕು ಸುಮಾರು 110, ಎತ್ತರ 49. ಕೊನೆಯದು ಉಳಿದವುಗಳಿಗಿಂತ ತಗ್ಗಿನಲ್ಲಿರುವುದರಿಂದ ಮರಗಳ ಕಾಟ ಅದಕ್ಕೇ ಹೆಚ್ಚು.

ಗುಡ್ಡ ಅಲ್ಲ, ಮರ ಅಡ್ಡ

‘ಸುತ್ತ ಗುಡ್ಡ ಇದೆ, ಇಲ್ಲಿ ಸಿಗ್ನಲ್ ಎಲ್ಲಿಂದ ಬರಬೇಕು’ ಎನ್ನುವವರು ಬಹಳ. 63 ಡಿಗ್ರಿ ಎಂದರೆ ಹೆಚ್ಚುಕಡಿಮೆ ನೆತ್ತಿಯ ಕಡೆಗೇ ನೋಡಿದ ಹಾಗೆ. ಕೊಡಚಾದ್ರಿಯ ಬುಡದಲ್ಲಿ ನಿಂತರೂ ಗುಡ್ಡ ಅಷ್ಟು ಎತ್ತರಕ್ಕೆ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಹತ್ತಿರದ ಹಲಸು, ಮಾವು, ಅಡಿಕೆ, ಕಾನಿನ ಅಂಚಿನ ದೊಡ್ಡ ಮರಗಳು.

ಲೆಕ್ಕ ಸುಲಭ. 63 ಡಿಗ್ರಿಗೆ ಮರದ ಎತ್ತರದ ಅರ್ಧದಷ್ಟು ದೂರ ಸಾಕು. 15 ಮೀಟರ್ ಎತ್ತರದ ಅಡಿಕೆ ಮರವಾದರೆ ಏಳೆಂಟು ಮೀಟರ್ ಹಿಂದೆ ಸರಿದು ಡಿಶ್ ಇಟ್ಟರೆ ಸೋಗೆಯ ಮೇಲಿನಿಂದ ಆಕಾಶ ಸಿಗುತ್ತದೆ. ಟಾಟಾ ಪ್ಲೇಗೆ ಮೂರನೇ ಒಂದು ಪಾಲು ದೂರ ಸಾಕು. ಏರ್‌ಟೆಲ್‌ಗೆ ಮರದ ಎತ್ತರಕ್ಕೆ ಸ್ವಲ್ಪ ಕಡಿಮೆ, ಅಂದರೆ ಅದೇ ಅಡಿಕೆ ಮರದಿಂದ 13 ಮೀಟರ್ ಬೇಕು.

ಟೇಪು ಹಿಡಿದು ಅಳೆಯಬೇಕಿಲ್ಲ. ಆಗ್ನೇಯಕ್ಕೆ ಮುಖ ಮಾಡಿ ನಿಂತು ಕೈಯನ್ನು ನೇರ ಚಾಚಿ ಮುಷ್ಟಿ ಹಿಡಿಯಿರಿ. ಚಾಚಿದ ಕೈಯ ಒಂದು ಮುಷ್ಟಿ ಸುಮಾರು 10 ಡಿಗ್ರಿ. ದಿಗಂತದಿಂದ ಶುರುಮಾಡಿ ಮುಷ್ಟಿಯ ಮೇಲೆ ಮುಷ್ಟಿ ಇಡುತ್ತಾ ಆರು ಎಣಿಸಿ, ಏಳನೆಯದರ ಬುಡದಲ್ಲಿ ಕಣ್ಣಿಡಿ. ಅಲ್ಲಿ ಬರೀ ಆಕಾಶವಿದ್ದರೆ ಜಾಗ ಸರಿ. ಒಂದೇ ಒಂದು ಕೊಂಬೆ ಕಂಡರೂ ನಾಲ್ಕು ಹೆಜ್ಜೆ ಹಿಂದೆ ಬನ್ನಿ. ಒಣ ಎಲೆಯ ನಡುವೆ ತೂರಿಬಂದ ಸಿಗ್ನಲ್ ಹಗಲು ಸರಿಯಾಗಿಯೇ ಇರುತ್ತದೆ. ಒಂದು ಹನಿ ಮಳೆ ಬಿದ್ದು ಎಲೆ ಒದ್ದೆಯಾದ ಕೂಡಲೇ ಚಿತ್ರ ಚೂರು ಚೂರಾಗುತ್ತದೆ.

ಬಿಸಿಲಿನಿಂದಲೂ ಒಂದು ಉಪಕಾರವಿದೆ. ಮಾರ್ಚ್ ಮಧ್ಯದ ಹೊತ್ತಿಗೆ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ, ಬೆಳಿಗ್ಗೆ 11ರ ಆಸುಪಾಸಿನಲ್ಲಿ, ಸೂರ್ಯ ನಮ್ಮ ಕಣ್ಣಿಗೆ ಜಿಸ್ಯಾಟ್-15ರ ಹಿಂದೆಯೇ ಹಾದುಹೋಗುತ್ತಾನೆ. ಆ ದಿನಗಳಲ್ಲಿ ಆ ಹೊತ್ತಿಗೆ ನೆಲದ ಮೇಲೆ ಎಲ್ಲಿ ಬಿಸಿಲು ಬಿದ್ದಿದೆಯೋ ಅಲ್ಲಿ ಡಿಶ್ ಇಡಿ, ಕೋನ ಗೀನ ಏನೂ ಬೇಡ. ಅದೇ ದಿನಗಳಲ್ಲಿ ಕೆಲವು ನಿಮಿಷ ಚಿತ್ರ ತಾನಾಗಿ ಕಡಿದು ಮತ್ತೆ ಬರುತ್ತದೆ. ಸೂರ್ಯನ ರೇಡಿಯೊ ಗದ್ದಲ ಉಪಗ್ರಹದ ಸದ್ದನ್ನು ಮುಳುಗಿಸುವುದರಿಂದ ಹೀಗಾಗುತ್ತದೆ. ಗಾಬರಿಬಿದ್ದು ಡಿಶ್ ಮುಟ್ಟಬೇಡಿ.

ಗಾಡಿಯ ನೆತ್ತಿಯ ಮೇಲೆ ಡಿಶ್ ಕೂರಿಸುವ ಆಸೆ ಎಲ್ಲರಿಗೂ ಬರುತ್ತದೆ. ನಾನು ಬೇಡ ಎನ್ನುತ್ತೇನೆ. ಗಾಡಿಗೆ ನೆರಳು ಬೇಕು, ಡಿಶ್‌ಗೆ ಬಯಲು ಬೇಕು. ನೆಲದ ಮೇಲೆ ನಿಲ್ಲುವ ಟ್ರೈಪಾಡ್ ಮತ್ತು 20 ಮೀಟರ್ ಕೇಬಲ್ ಇದ್ದರೆ ಎರಡೂ ಸಿಗುತ್ತವೆ. ಗಾಡಿಯೊಳಗೆ ಒಬ್ಬರು ಎದ್ದು ಓಡಾಡಿದರೆ ನೆತ್ತಿಯ ಡಿಶ್ ಅಲ್ಲಾಡುವುದು ಇನ್ನೊಂದು ತೊಂದರೆ. ಗುಮ್ಮಟದೊಳಗೆ ತಾನೇ ತಿರುಗಿ ಉಪಗ್ರಹ ಹುಡುಕುವ ವಿದೇಶಿ ಯಂತ್ರಗಳೂ ಇವೆ. ಅವುಗಳ ಒಳಗಿನ ಡಿಶ್ ಚಿಕ್ಕದು, ನಮ್ಮ ಮಳೆಗೆ ತಡೆಯುವುದು ಕಷ್ಟ. ಜೊತೆಗೆ ನಮ್ಮ ಉಪಗ್ರಹಗಳು ಅವುಗಳ ಪಟ್ಟಿಯಲ್ಲಿವೆಯೇ ಎಂದು ನೋಡದೆ ಕೊಂಡರೆ ದುಡ್ಡು ಹೋದ ಹಾಗೆಯೇ.

ಜಾಗ

ಸುಗ್ಗಿ ಮುಗಿದ ಮೇಲಿನ ಗದ್ದೆ ಬಯಲು, ಅಂದರೆ ಡಿಸೆಂಬರ್‌ನಿಂದ ಆಚೆ, ಇದಕ್ಕೆ ಹೇಳಿ ಮಾಡಿಸಿದ್ದು. ಬ್ಯಾಣವೂ, ಅಂದರೆ ಹುಲ್ಲುಗಾವಲೂ, ಒಳ್ಳೆಯದೇ. ಮನೆಯವರ ಅನುಮತಿ ಕೇಳಿದರೆ ಅಂಗಳದ ಪಕ್ಕ ಜಾಗ ಕೊಡದ ಮನೆ ನಮ್ಮ ಕಡೆ ಕಡಿಮೆ, ಕಾಫಿ ಕೊಡದೆ ಕಳಿಸುವ ಮನೆ ಇಲ್ಲವೇ ಇಲ್ಲ. ಶರಾವತಿ ಹಿನ್ನೀರಿನ ದಂಡೆಯಲ್ಲಿ ಆಕಾಶವೇನೋ ಧಾರಾಳ, ಆದರೆ ಕೆಸರಿನಲ್ಲಿ ಟ್ರೈಪಾಡ್‌ನ ಕಾಲು ರಾತ್ರಿಯಿಡೀ ನಿಧಾನವಾಗಿ ಇಳಿಯುತ್ತದೆ. ಮೂರು ಕಾಲಿಗೂ ಒಂದೊಂದು ಅಡಿಕೆ ದಬ್ಬೆಯ ತುಂಡು ಅಥವಾ ಚಪ್ಪಟೆ ಕಲ್ಲು ಕೊಡಿ. ಮೀಸಲು ಅರಣ್ಯದಲ್ಲಿ, ಶೆಟ್ಟಿಹಳ್ಳಿಯಂಥ ಅಭಯಾರಣ್ಯದ ಒಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ರಾತ್ರಿ ತಂಗಬೇಡಿ. ಅನುಮತಿ ಇದ್ದ ಕಡೆಯೂ ಟಿವಿಯ ಸದ್ದು ಗಾಡಿಯಿಂದ ಆಚೆ ಹೋಗಬಾರದು. ಕಾಡಿನ ರಾತ್ರಿಯಲ್ಲಿ ಸಣ್ಣ ಸದ್ದೂ ಬಹಳ ದೂರ ಹೋಗುತ್ತದೆ, ಅಲ್ಲಿ ಮಲಗಿರುವುದು ನಾವು ಮಾತ್ರ ಅಲ್ಲ.

ಸಾಮಾನು

60 ಸೆಂಟಿಮೀಟರ್ ಡಿಶ್ ಬೇಸಿಗೆ, ಚಳಿಗಾಲಕ್ಕೆ ಸಾಕು. ಮಳೆಯ ತಿಂಗಳುಗಳಲ್ಲೂ ಹೊರಡುವವರು 90 ಸೆಂಟಿಮೀಟರಿನದನ್ನು ತೆಗೆದುಕೊಳ್ಳಿ. ಅದರ ಮೈ 60ರದಕ್ಕಿಂತ ಎರಡೂಕಾಲು ಪಟ್ಟು ದೊಡ್ಡದು, ಸಿಗ್ನಲ್ಲೂ ಅಷ್ಟೇ ಹೆಚ್ಚು ಸಿಗುತ್ತದೆ. ಆದರೆ ದೊಡ್ಡ ಡಿಶ್‌ನ ನೋಟ ಕಿರಿದು. 60ರದು ಸುಮಾರು ಮೂರು ಡಿಗ್ರಿ ಅಗಲ ನೋಡಿದರೆ 90ರದು ಎರಡೇ ಡಿಗ್ರಿ ನೋಡುತ್ತದೆ. ಕೂರಿಸುವಾಗ ಅಷ್ಟು ಹೆಚ್ಚು ತಾಳ್ಮೆ ಬೇಕು, ಗಾಳಿಗೂ ಅದು ಬೇಗ ಸಿಗುತ್ತದೆ.

ಇದರ ಜೊತೆಗೆ ಯೂನಿವರ್ಸಲ್ ಕೆಯು ಬ್ಯಾಂಡ್ ಎಲ್‌ಎನ್‌ಬಿ (ಡಿಶ್‌ನ ತೋಳಿನ ತುದಿಯಲ್ಲಿ ಕೂತು ಸಿಗ್ನಲ್ ಹಿಡಿಯುವ ಭಾಗ), 12 ವೋಲ್ಟ್‌ನಲ್ಲಿ ನಡೆಯುವ ಸೆಟ್‌ಟಾಪ್ ಬಾಕ್ಸ್, 12 ವೋಲ್ಟ್‌ನದೇ 24 ಇಂಚಿನ ಟಿವಿ, ಆರ್‌ಜಿ-6 ಕೇಬಲ್, ಕೇಬಲ್ ತುದಿಗೆ ಹಾಕುವ ಎಫ್ ಕನೆಕ್ಟರ್‌ಗಳು ಹೆಚ್ಚುವರಿ ಆರು, ತಾನೇ ಅಂಟಿಕೊಳ್ಳುವ ರಬ್ಬರ್ ಟೇಪು, ಸ್ಪಿರಿಟ್ ಲೆವೆಲ್, 10 ಮತ್ತು 13ರ ಸ್ಪ್ಯಾನರ್, 10 ಲೀಟರ್ ನೀರಿನ ಕ್ಯಾನು. ಕ್ಯಾನು ಯಾಕೆಂದು ಮುಂದೆ ಗೊತ್ತಾಗುತ್ತದೆ.

ಕೇಬಲ್ ತುದಿ: ಇಲ್ಲಿ ಅವಸರ ಬೇಡ

ಮೊದಲ ವರ್ಷ ಹೊಸನಗರದ ಹತ್ತಿರ ಒಂದು ಗದ್ದೆಯಲ್ಲಿ ಒಂದೂವರೆ ಗಂಟೆ ಡಿಶ್ ತಿರುಗಿಸಿದೆ. ಕತ್ತಲಾಯಿತು, ಅಪ್ಪ ಎರಡು ಸಲ ಹೊರಗೆ ಬಂದು ನೋಡಿ ಒಳಗೆ ಹೋದರು. ಡಿಶ್‌ನ ತಪ್ಪು ಏನೂ ಇರಲಿಲ್ಲ. ಕನೆಕ್ಟರ್ ಬಿಚ್ಚಿ ಟಾರ್ಚ್ ಬೆಳಕಿಗೆ ಹಿಡಿದಾಗ ಕಂಡಿತು: ಹೊರಗಿನ ಹೆಣಿಗೆಯ ಕೂದಲೆಳೆಯಷ್ಟು ತಂತಿಯೊಂದು ಬಾಗಿ ನಡುವಿನ ತಾಮ್ರವನ್ನು ಮುಟ್ಟುತ್ತಿತ್ತು. ಅಷ್ಟೇ. ಉಗುರಿನಿಂದ ಎಳೆದು ತೆಗೆದೆ, ಹತ್ತು ನಿಮಿಷದಲ್ಲಿ ಚಿತ್ರ ಬಂತು.

ಅಲ್ಲಿಂದ ಈಚೆಗೆ ತುದಿಯನ್ನು ಮನೆಯಲ್ಲಿ, ಹಗಲು ಬೆಳಕಿನಲ್ಲಿ ಕೂತು ಮಾಡುತ್ತೇನೆ. ಹೊರಗಿನ ಕಪ್ಪು ಸಿಪ್ಪೆಯನ್ನು ಒಂದೂವರೆ ಸೆಂಟಿಮೀಟರ್ ತೆಗೆಯಿರಿ. ಹೆಣಿಗೆಯನ್ನು ಹಿಂದಕ್ಕೆ ಮಡಚಿ, ಕೈಬೆರಳಿನಿಂದ ಸವರಿ, ಒಂದೆಳೆಯೂ ಮುಂದೆ ಉಳಿಯದ ಹಾಗೆ ನೋಡಿಕೊಳ್ಳಿ. ಒಳಗಿನ ಬಿಳಿ ಫೋಮನ್ನು ಕತ್ತರಿಸುವಾಗ ತಾಮ್ರಕ್ಕೆ ಗಾಯವಾಗಬಾರದು. ಕನೆಕ್ಟರ್ ಕೂರಿಸಿದ ಮೇಲೆ ತಾಮ್ರದ ತುದಿ ಅದರ ಅಂಚಿನಿಂದ ಎರಡು ಮಿಲಿಮೀಟರ್‌ನಷ್ಟು ಮಾತ್ರ ಆಚೆ ಬಂದಿರಲಿ.

ಈ ಕೇಬಲ್‌ನಲ್ಲಿ ಚಿತ್ರ ಕೆಳಗೆ ಬರುವುದಷ್ಟೇ ಅಲ್ಲ, ಬಾಕ್ಸ್‌ನಿಂದ ಎಲ್‌ಎನ್‌ಬಿಗೆ ಕರೆಂಟು ಮೇಲೆ ಹೋಗುತ್ತದೆ. ಮೇಲೆ ಕೆಳಗೆ ಕಂಪಿಸುವ ಅಲೆಗೆ (ಲಂಬ ಧ್ರುವೀಕರಣ) 13 ವೋಲ್ಟ್, ಅಡ್ಡಡ್ಡ ಕಂಪಿಸುವ ಅಲೆಗೆ (ಅಡ್ಡ ಧ್ರುವೀಕರಣ) 18 ವೋಲ್ಟ್. ಅದಕ್ಕೇ ಬಾಕ್ಸ್ ಆನ್ ಇರುವಾಗ ಕೇಬಲ್ ತಿರುಪುವುದು ಬಿಚ್ಚುವುದು ಮಾಡಬಾರದು. ಒಂದು ಕಿಡಿ ಹಾರಿದರೆ ಬಾಕ್ಸ್‌ನ ಆ ಭಾಗವೇ ಹೋಗಬಹುದು.

ಎಲ್‌ಎನ್‌ಬಿ ಕಡೆಯ ತಿರುಪಿಗೆ ರಬ್ಬರ್ ಟೇಪು ಬಿಗಿಯಾಗಿ ಎಳೆದು ಸುತ್ತಿ. ಮಲೆನಾಡಿನ ಇಬ್ಬನಿಯೇ ಒಂದು ರಾತ್ರಿಗೆ ಒಳಗೆ ಇಳಿಯುತ್ತದೆ. ಕೇಬಲ್ ಗಾಡಿಯೊಳಗೆ ಹೋಗುವ ಮುಂಚೆ ಕೆಳಗೆ ಜೋತುಬಿಟ್ಟು ಮತ್ತೆ ಮೇಲೇರಿಸಿ, ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಬೀಳಲಿ. ಬಾಗಿಲಿನ ಸಂದಿಯಲ್ಲಿ ಕೇಬಲ್ ಜಜ್ಜಬೇಡಿ. ಕಿಟಕಿಯ ರಬ್ಬರ್ ಕೆಳಗೆ ಕೂರುವ ಚಪ್ಪಟೆ ಕೇಬಲ್ ತುಂಡು ಸಿಗುತ್ತದೆ, ಅದನ್ನು ಹಾಕಿ.

ಕೂರಿಸುವುದು

ಟ್ರೈಪಾಡ್ ನಿಲ್ಲಿಸಿ, ನಡುಗಂಬಕ್ಕೆ ಲೆವೆಲ್ ಹಿಡಿಯಿರಿ, ಎರಡು ಕಡೆಯಿಂದ. ಕಂಬ ನೆಟ್ಟಗಿಲ್ಲದಿದ್ದರೆ ಡಿಶ್ ಎಡಬಲಕ್ಕೆ ತಿರುಗಿದಾಗ ಎತ್ತರದ ಕೋನವೂ ತನ್ನಿಂತಾನೇ ಬದಲಾಗಿ ನಿಮ್ಮನ್ನು ದಾರಿ ತಪ್ಪಿಸುತ್ತದೆ. ನೀರು ತುಂಬಿದ ಕ್ಯಾನನ್ನು ಹಗ್ಗದಲ್ಲಿ ಕಾಲುಗಳ ನಡುವೆ ತೂಗುಹಾಕಿ. ಜಂಬಿಟ್ಟಿಗೆ ನೆಲಕ್ಕೆ ಗೂಟ ಇಳಿಯುವುದಿಲ್ಲ, ಈ ಹತ್ತು ಕೆಜಿ ತೂಕವೇ ಅಲ್ಲಿ ಗೂಟ.

ಇನ್ನು ಎತ್ತರದ ಕೋನ. ನಮ್ಮ ಸಾಮಾನ್ಯ ಡಿಶ್‌ಗಳು ಆಫ್‌ಸೆಟ್ ಜಾತಿಯವು. ಸಿಗ್ನಲ್ ಬರುವ ದಿಕ್ಕಿಗಿಂತ 22ರಿಂದ 26 ಡಿಗ್ರಿ ತಗ್ಗಿ ನೋಡುತ್ತಿರುವ ಹಾಗೆ ಕಾಣುತ್ತವೆ. ಹಾಗಾಗಿ ‘63 ಡಿಗ್ರಿ’ ಎಂದು ಡಿಶ್‌ನ ಮುಖವನ್ನೇ ಅಷ್ಟು ಮೇಲೆತ್ತಿದರೆ ಏನೂ ಸಿಗುವುದಿಲ್ಲ. ಹಿಂದಿನ ಬ್ರಾಕೆಟ್‌ನ ಗೀಟುಗಳಲ್ಲಿ ಈ ವ್ಯತ್ಯಾಸ ಸೇರಿರುತ್ತದೆ, ಅಲ್ಲಿ 63ಕ್ಕೆ ಇಡಿ. ಗೀಟು ಅಳಿಸಿದ್ದರೆ ಒಂದು ನೇರ ಕೋಲನ್ನು ಡಿಶ್‌ನ ಮೇಲಂಚಿನಿಂದ ಕೆಳಂಚಿಗೆ ಇಟ್ಟು, ಅದರ ಮೇಲೆ ಮೊಬೈಲ್‌ನ ಕೋನ ಅಳೆಯುವ ಆ್ಯಪ್ ಇಡಿ. ನೆಲಮಟ್ಟದಿಂದ 50ರ ಆಸುಪಾಸು ತೋರಿಸಿದರೆ ಸರಿ.

ದಿಕ್ಕಿಗೆ ಮೊಬೈಲ್ ದಿಕ್ಸೂಚಿ ಸಾಕು. ನಮ್ಮ ಭಾಗದಲ್ಲಿ ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ವ್ಯತ್ಯಾಸ ಒಂದು ಡಿಗ್ರಿಯ ಆಸುಪಾಸು ಮಾತ್ರ. ಆದರೆ ಗಾಡಿಯ ಪಕ್ಕ ನಿಂತು ನೋಡಬೇಡಿ, ಅಷ್ಟು ಕಬ್ಬಿಣ ಮುಳ್ಳನ್ನು ಎಳೆಯುತ್ತದೆ. ಐದಾರು ಮೀಟರ್ ದೂರ ನಡೆದು 126 ಡಿಗ್ರಿಗೆ ನೇರವಾಗಿ ಕಾಣುವ ಒಂದು ಗುರುತು ಹಿಡಿಯಿರಿ, ದೂರದ ತೆಂಗಿನ ಮರವೋ ಗುಡ್ಡದ ಒಂದು ಮೂಲೆಯೋ. ಡಿಶ್‌ನ ತೋಳು ಆ ಗುರುತಿನ ಕಡೆ ಚಾಚಿರಲಿ.

ಎಲ್‌ಎನ್‌ಬಿಯ ಓರೆ ಬಹಳ ಜನ ಮರೆಯುವ ಸಂಗತಿ. ಭೂಮಧ್ಯರೇಖೆಗೆ ಹತ್ತಿರವಿರುವ ನಮ್ಮ ಊರಿನಿಂದ ಪೂರ್ವದ ಉಪಗ್ರಹಕ್ಕೆ ಈ ಓರೆ ಸಣ್ಣದಲ್ಲ, ಸುಮಾರು 50 ಡಿಗ್ರಿ. ಡಿಶ್‌ನ ಹಿಂದೆ ಉಪಗ್ರಹಕ್ಕೆ ಮುಖ ಮಾಡಿ ನಿಂತರೆ ಕೇಬಲ್ ಸಿಕ್ಕಿಸುವ ಬಾಯಿ ಗಡಿಯಾರದ 4 ಮತ್ತು 5ರ ನಡುವೆ ಇರಬೇಕು. ನೇರ ಕೆಳಗೆ, 6ಕ್ಕೆ ಬಿಟ್ಟರೆ ಕೆಲವು ಚಾನೆಲ್ ಬಂದು ಕೆಲವು ಬಾರದೆ ಸತಾಯಿಸುತ್ತದೆ.

ಈಗ ಬಾಕ್ಸ್ ಆನ್ ಮಾಡಿ. ಮೆನುವಿನಲ್ಲಿ ಎಲ್‌ಎನ್‌ಬಿ ಪವರ್ ಆನ್, ಎಲ್‌ಎನ್‌ಬಿ ಬಗೆ ಯೂನಿವರ್ಸಲ್, ಅಂದರೆ 9750 ಮತ್ತು 10600. ಟ್ರಾನ್ಸ್‌ಪಾಂಡರ್‌ಗೆ, ಅಂದರೆ ಉಪಗ್ರಹದಲ್ಲಿ ಒಂದು ಗುಂಪು ಚಾನೆಲ್‌ಗಳನ್ನು ಕೆಳಗೆ ಕಳಿಸುವ ಪ್ರಸಾರಕಕ್ಕೆ, ನಾನು ಇಡುವುದು 11090 ಮೆಗಾಹರ್ಟ್ಸ್, ಲಂಬ, ಸಿಂಬಲ್ ರೇಟ್ 29500. ಪರದೆಯ ಮೇಲೆ ಎರಡು ಪಟ್ಟಿ ಕಾಣುತ್ತವೆ. ‘ಸ್ಟ್ರೆಂತ್’ ಪಟ್ಟಿಯನ್ನು ನಂಬಬೇಡಿ, ಡಿಶ್ ಖಾಲಿ ಆಕಾಶ ನೋಡುತ್ತಿದ್ದರೂ ಅದು ಅರ್ಧದಷ್ಟು ತುಂಬಿರಬಹುದು. ಎಲ್‌ಎನ್‌ಬಿಗೆ ಕರೆಂಟು ಹೋಗುತ್ತಿದೆ ಎಂಬುದಕ್ಕಷ್ಟೇ ಅದು ಸಾಕ್ಷಿ. ನೋಡಬೇಕಾದ್ದು ‘ಕ್ವಾಲಿಟಿ’.

ಒಬ್ಬರು ಪರದೆ ನೋಡಿ ಕೂಗಲಿ, ಇನ್ನೊಬ್ಬರು ಡಿಶ್ ತಿರುಗಿಸಲಿ. ಕಂಬದ ನಟ್ಟು ಸ್ವಲ್ಪ ಸಡಿಲ ಮಾಡಿ, ಡಿಶ್‌ನ ಹೊರ ಅಂಚನ್ನು ಒಂದು ಬೆರಳಿನ ಅಗಲ ಸರಿಸಿ, ಕೈಬಿಟ್ಟು ಮೂರು ಎಣಿಸಿ. ಬಾಕ್ಸ್‌ಗೆ ಸಿಗ್ನಲ್ ಗುರುತಿಸಲು ಅಷ್ಟು ಹೊತ್ತು ಬೇಕು. ಒಂದೇ ಸಮನೆ ತಿರುಗಿಸುತ್ತಾ ಹೋದರೆ ಸರಿಯಾದ ಜಾಗವನ್ನು ದಾಟಿದ್ದೇ ಗೊತ್ತಾಗುವುದಿಲ್ಲ. 110ರಿಂದ 140ರವರೆಗೆ ಹೀಗೆ ತಡಕಿಯೂ ಸಿಗದಿದ್ದರೆ ಎತ್ತರ ಎರಡು ಡಿಗ್ರಿ ಬದಲಿಸಿ ಮತ್ತೆ ಮೊದಲಿನಿಂದ. ಕೀರಲು ಸದ್ದು ಮಾಡುವ ಸಣ್ಣ ಸ್ಯಾಟಲೈಟ್ ಫೈಂಡರ್‌ಗಳು ಯಾವ ಉಪಗ್ರಹ ಸಿಕ್ಕರೂ ಕೂಗುತ್ತವೆ. 91.5 ಮತ್ತು 95 ಡಿಗ್ರಿಯಲ್ಲಿ ಅಕ್ಕಪಕ್ಕ ಬೇರೆ ಉಪಗ್ರಹಗಳಿರುವುದರಿಂದ ಕೊನೆಯ ಮಾತು ಬಾಕ್ಸ್‌ನ ಕ್ವಾಲಿಟಿ ಪಟ್ಟಿಯದೇ.

ಕ್ವಾಲಿಟಿ ಎದ್ದ ಕೂಡಲೇ ನಟ್ಟು ಬಿಗಿಯಬೇಡಿ. ಎಡಕ್ಕೆ ಸರಿಸಿ ಸಿಗ್ನಲ್ ಬೀಳುವ ಜಾಗ, ಬಲಕ್ಕೆ ಸರಿಸಿ ಬೀಳುವ ಜಾಗ, ಎರಡಕ್ಕೂ ಕಂಬದ ಮೇಲೆ ಸೀಮೆಸುಣ್ಣದ ಗೀಟು ಎಳೆದು ನಟ್ಟನಡುವೆ ನಿಲ್ಲಿಸಿ. ಎತ್ತರಕ್ಕೂ ಹಾಗೆಯೇ. ಕೊನೆಗೆ ಎಲ್‌ಎನ್‌ಬಿಯನ್ನು ನಿಧಾನ ತಿರುಗಿಸಿ, ಸಂಖ್ಯೆ ಅತಿ ಹೆಚ್ಚಾದ ಕಡೆ ಬಿಗಿ ಮಾಡಿ. ಬಿಗಿಯುವಾಗ ಡಿಶ್ ಸ್ವಲ್ಪ ಎಳೆದುಕೊಳ್ಳುತ್ತದೆ, ನಟ್ಟುಗಳನ್ನು ಒಂದಾದ ಮೇಲೊಂದು ಕಾಲು ಸುತ್ತಿನಂತೆ ಬಿಗಿಯಿರಿ. ಆಮೇಲೆ ಆಟೋ ಸ್ಕ್ಯಾನ್.

ಕರೆಂಟು

24 ಇಂಚಿನ ಟಿವಿಗೆ 30 ವ್ಯಾಟ್, ಬಾಕ್ಸ್ ಮತ್ತು ಎಲ್‌ಎನ್‌ಬಿಗೆ 10 ಎಂದು ಹಿಡಿದರೆ ನಾಲ್ಕು ಗಂಟೆಗೆ 160 ವ್ಯಾಟ್-ಅವರ್, 12 ವೋಲ್ಟ್‌ನಲ್ಲಿ ಸುಮಾರು 13 ಆಂಪಿಯರ್-ಅವರ್. 100ರ ಲೆಡ್ ಆ್ಯಸಿಡ್ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಿದರೂ ಮೂರು ಸಂಜೆ ಸಲೀಸು. ಗಾಡಿ ಸ್ಟಾರ್ಟ್ ಮಾಡುವ ಬ್ಯಾಟರಿಗೆ ಮಾತ್ರ ಕೈ ಹಾಕಬೇಡಿ. ಇನ್ವರ್ಟರ್ ಹಾಕಿ 230 ಮಾಡಿ ಮತ್ತೆ ಅಡಾಪ್ಟರ್‌ನಲ್ಲಿ 12ಕ್ಕೆ ಇಳಿಸುವುದು ಬರೀ ನಷ್ಟ. ಚಾರ್ಜ್ ಆಗುವಾಗ ಬ್ಯಾಟರಿ 14.4 ವೋಲ್ಟ್‌ವರೆಗೆ ಏರುವುದರಿಂದ ನಡುವೆ 12 ವೋಲ್ಟ್ ಸ್ಥಿರವಾಗಿ ಕೊಡುವ ಡಿಸಿ ಕನ್ವರ್ಟರ್ ಮತ್ತು ಒಂದು ಫ್ಯೂಸ್ ಇರಲಿ.

ಮಳೆ, ಮಂಜು, ಸಿಡಿಲು

ಆಗುಂಬೆಯ ಮಂಜು ಗಾಡಿಯ ಮೂತಿಯೇ ಕಾಣದಷ್ಟು ಕವಿದರೂ ಚಿತ್ರ ಅಲುಗುವುದಿಲ್ಲ. ಮಂಜಿನ ಹನಿ ಈ 11 ಗಿಗಾಹರ್ಟ್ಸ್ ಅಲೆಗೆ ಲೆಕ್ಕಕ್ಕೇ ಇಲ್ಲದಷ್ಟು ಸಣ್ಣದು. ದಪ್ಪ ಹನಿಯ ಮಳೆ ಹಾಗಲ್ಲ, ಅಲೆಯನ್ನು ಹೀರಿ ಚದುರಿಸಿಬಿಡುತ್ತದೆ. ಜೋರು ಮಳೆ ಬಂದಾಗ ಡಿಶ್ ತಿರುಗಿಸಲು ಹೊರಗೆ ಓಡಬೇಡಿ, ಮಳೆ ಸಣ್ಣಗಾದರೆ ಚಿತ್ರ ತಾನಾಗಿ ಬರುತ್ತದೆ. ಆಷಾಢದ ಜಡಿಮಳೆಯಲ್ಲಿ 90ರ ಡಿಶ್ ಇದ್ದರೂ ನಡುನಡುವೆ ಕಡಿಯುತ್ತದೆ, ಅದಕ್ಕೆ ಮದ್ದಿಲ್ಲ.

ಸಿಡಿಲಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ನಾಲ್ಕಕ್ಕೆ ಮೋಡ ಕಟ್ಟಿ ಗುಡುಗು ಶುರುವಾದರೆ, ಅದು ಇನ್ನೂ ದೂರ ಇರುವಾಗಲೇ ಬಾಕ್ಸ್ ಆಫ್ ಮಾಡಿ, ಕೇಬಲ್ ಬಿಚ್ಚಿ ಗಾಡಿಯಿಂದ ಹೊರಗೆ ಹಾಕಿ. ಗುಡುಗು ಹತ್ತಿರ ಬಂದಮೇಲೆ ಡಿಶ್ ಹತ್ತಿರ ಯಾರೂ ಹೋಗಬಾರದು, ಬಯಲಿನಲ್ಲಿ ನಿಂತ ಕಬ್ಬಿಣದ ಕಂಬ ಅದು. ವಿದ್ಯುತ್ ತಂತಿಯ ಕೆಳಗೆ ಅಥವಾ ಹತ್ತಿರ ಟ್ರೈಪಾಡ್ ಎತ್ತುವುದಂತೂ ಎಂದಿಗೂ ಬೇಡ.

ಬೆಳಿಗ್ಗೆ ಹೊರಡುವಾಗ ಎತ್ತರದ ನಟ್ಟನ್ನು ಸಡಿಲಿಸಬೇಡಿ, ಎಲ್‌ಎನ್‌ಬಿಯನ್ನೂ ಅಲುಗಿಸಬೇಡಿ. ಎರಡಕ್ಕೂ ಉಗುರಿನ ಬಣ್ಣದಲ್ಲಿ ಒಂದು ಗೀಟು ಎಳೆದು, ಡಿಶ್ಶನ್ನು ಕಂಬದಿಂದ ಹಾಗೆಯೇ ಎತ್ತಿ ಹಾಸಿಗೆಯ ಹಿಂದೆ ಇಡಿ. ಮುಂದಿನ ಊರು ಸಾಗರವಾಗಲಿ ತೀರ್ಥಹಳ್ಳಿಯಾಗಲಿ, ಕಂಬ ನೆಟ್ಟಗೆ ನಿಲ್ಲಿಸಿ ಎಡಬಲಕ್ಕೆ ಒಂದಿಷ್ಟು ತಿರುಗಿಸುವುದಷ್ಟೇ ಉಳಿಯುತ್ತದೆ. ಈಗ ನನಗೆ ಹತ್ತು ನಿಮಿಷ ಸಾಕು. ಒಲೆಯ ಮೇಲೆ ಅನ್ನ ಬೇಯುವುದರೊಳಗೆ ಅಪ್ಪ ಟಿವಿಯ ಮುಂದೆ ಕೂತಿರುತ್ತಾರೆ.